ಹಳೆ ಲಾರಿಗೆ ಹೆದ್ದಾರಿ ಓಟ: ಕ್ರೌನ್ ಬದಲಿಸಬೇಕೋ, ಗೇರ್ ಬಾಕ್ಸೋ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕು. 2006ರ ಟಾಟಾ 1613 ಲಾರಿ ಇದೆ. ಐದು ಗೇರು, 10.00-20 ಟೈರು. ಸೀಸನ್ನಿನಲ್ಲಿ ಶುಂಠಿ, ಅಡಿಕೆ ತುಂಬಿಕೊಂಡು ಬೆಂಗಳೂರು, ಹುಬ್ಬಳ್ಳಿ ಕಡೆ ಹೋಗುತ್ತೇವೆ. ಉಳಿದ ದಿನ ಹೊಸನಗರದ ಮೇಲೆ ಹುಲಿಕಲ್ ಘಾಟಿ ಇಳಿದು ಕುಂದಾಪುರದ ಬಾಡಿಗೆ. ನಾಲ್ಕು ಪಥದ ರಸ್ತೆಯಲ್ಲಿ 60 ದಾಟಿದರೆ ಎಂಜಿನ್ ಅರಚಿಕೊಳ್ಳುತ್ತದೆ. ಹಿಂದಿನಿಂದ ಬಂದ ಹೊಸ ಗಾಡಿಗಳೆಲ್ಲ ಮುಂದೆ ಹೋಗುತ್ತವೆ. ಒಬ್ಬ ಮೇಸ್ತ್ರಿ ಕ್ರೌನ್ ಪಿನಿಯನ್ (ಹಿಂದಿನ ಆಕ್ಸೆಲಿನ ಹಲ್ಲುಚಕ್ರದ ಜೋಡಿ) ಬದಲಿಸಿ ಅನ್ನುತ್ತಾರೆ. ಇನ್ನೊಬ್ಬರು ಗುಜರಿಯಿಂದ ಆರು ಗೇರಿನ ಬಾಕ್ಸ್ ತಂದು ಕೂರಿಸಿಕೊಡುತ್ತೇನೆ ಅನ್ನುತ್ತಾರೆ. ಯಾವುದು ಸರಿ? 80ರಲ್ಲಿ ಆರಾಮಾಗಿ ಓಡಿಸಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಲೋಡು ಇಟ್ಟುಕೊಂಡು 80ರಲ್ಲಿ ಆರಾಮಾಗಿ ಓಡಿಸಲು ಆಗುವುದಿಲ್ಲ. ಯಾವ ಗೇರ್ ಬಾಕ್ಸ್ ಹಾಕಿದರೂ ಆಗುವುದಿಲ್ಲ. 65ರಲ್ಲಿ ಎಂಜಿನ್ ಅರಚದೆ ಓಡಬೇಕು ಅಂದರೆ ಅದು ಸಾಧ್ಯ. ನಿಮ್ಮ ಹಾಗೆ ಘಾಟಿ ಇಳಿಯುವ, ಹತ್ತುವ ಗಾಡಿಗೆ ಬೇಕಾದದ್ದು ಒಂದೇ. ಮೇಲಿನ ಗೇರ್ ಮಾತ್ರ ಉದ್ದ ಆಗಬೇಕು, ಅಂದರೆ ಅದೇ ವೇಗಕ್ಕೆ ಎಂಜಿನ್ ಕಡಿಮೆ ಸುತ್ತಬೇಕು, ಕೆಳಗಿನ ಗೇರುಗಳು ಈಗ ಇದ್ದ ಹಾಗೇ ಉಳಿಯಬೇಕು. ಕ್ರೌನ್ ಬದಲಿಸಿದರೆ ಹೀಗಾಗುವುದಿಲ್ಲ. ಸರಿಯಾದ ಓವರ್ ಡ್ರೈವ್ ಗೇರ್ ಬಾಕ್ಸಿನಲ್ಲಿ, ಅಂದರೆ ಟಾಪ್ ಗೇರಿನಲ್ಲಿ ಎಂಜಿನ್ನಿಗಿಂತ ಹಿಂದಿನ ಶಾಫ್ಟ್ ಜೋರಾಗಿ ಸುತ್ತುವ ಬಾಕ್ಸಿನಲ್ಲಿ, ಆಗುತ್ತದೆ. ಆದರೆ "ಆರು ಗೇರು" ಅಂದ ಕೂಡಲೇ ಓವರ್ ಡ್ರೈವ್ ಅಂತ ನಂಬಬೇಡಿ. ಅಲ್ಲೇ ಜಾಸ್ತಿ ಜನ ದುಡ್ಡು ಕಳೆದುಕೊಳ್ಳುವುದು.

ಈಗ ಲೆಕ್ಕಕ್ಕೆ ಬರೋಣ. ಸುಲಭ ಇದೆ, ಮೊಬೈಲ್ ಕ್ಯಾಲ್ಕುಲೇಟರ್ ಸಾಕು.

10.00-20 ಟೈರು ಲೋಡಿನಲ್ಲಿ ಒಂದು ಸುತ್ತು ಉರುಳಿದರೆ ಸುಮಾರು 3.2 ಮೀಟರ್ ಮುಂದೆ ಹೋಗುತ್ತದೆ. ಟಾಟಾದ ಈ ವರ್ಗದ ಹಳೆಯ ಲಾರಿಗಳಲ್ಲಿ ಸಾಮಾನ್ಯವಾಗಿ ಸಿಗುವ ಕ್ರೌನ್ ಪಿನಿಯನ್ ಎರಡು. ಒಂದು 41/6, ಅಂದರೆ ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 6. ಭಾಗಿಸಿದರೆ 6.83. ಇನ್ನೊಂದು 41/7, ಅಂದರೆ 5.86. ಮೊದಲನೆಯದು ಎಳೆಯುವ ಗಾಡಿಗೆ, ಎರಡನೆಯದು ಓಡುವ ಗಾಡಿಗೆ. ನೀವು ಹೇಳುವ ಲಕ್ಷಣ ನೋಡಿದರೆ ನಿಮ್ಮದು 6.83 ಇರಬೇಕು.

ಐದನೇ ಗೇರು ಡೈರೆಕ್ಟ್. ಎಂಜಿನ್ ಎಷ್ಟು ಸುತ್ತುತ್ತದೋ, ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸೆಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟೂ ಅಷ್ಟೇ ಸುತ್ತುತ್ತದೆ. 6.83 ಕ್ರೌನಿಗೆ 60 ಕಿ.ಮೀ. ವೇಗದಲ್ಲಿ ಎಂಜಿನ್ ಸುಮಾರು 2135 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ಇರುತ್ತದೆ. 70ಕ್ಕೆ ಸುಮಾರು 2490. ನಿಮ್ಮ ಗಾಡಿಯ ಕಾಲದ ಟರ್ಬೊ ಎಂಜಿನ್ನುಗಳಲ್ಲಿ, ಎಂಜಿನ್ ಮಿತಿ ಮೀರಿ ಸುತ್ತದಂತೆ ತಡೆಯುವ ಗವರ್ನರ್ 2400-2500ರ ಆಸುಪಾಸಿನಲ್ಲಿ ಡೀಸೆಲ್ ಕಡಿಮೆ ಮಾಡಿಬಿಡುತ್ತದೆ. ಅಂದರೆ ನಿಮ್ಮ ಗಾಡಿಗೆ ಏನೂ ರೋಗವಿಲ್ಲ. ಕಂಪನಿ ಅದನ್ನು ಮಾಡಿದ್ದೇ ಹಾಗೆ. 5.86 ಕ್ರೌನ್ ಹಾಕಿದರೆ ಅದೇ 60ಕ್ಕೆ ಎಂಜಿನ್ 1830ಕ್ಕೆ ಇಳಿಯುತ್ತದೆ. ಕ್ರೌನ್ ಹಾಗೇ ಇಟ್ಟು, 0.8 ಅನುಪಾತದ (ಶಾಫ್ಟಿನ ಒಂದು ಸುತ್ತಿಗೆ ಎಂಜಿನ್ 0.8 ಸುತ್ತು) ಓವರ್ ಡ್ರೈವ್ ಬಂದರೆ 1710ಕ್ಕೆ ಇಳಿಯುತ್ತದೆ. ಓವರ್ ಡ್ರೈವಿನಲ್ಲಿ 65ಕ್ಕೆ 1850. ಎಂಜಿನ್ನಿನ ಎಳೆತ ಚೆನ್ನಾಗಿರುವ ಜಾಗ ಇದು, ಕಿವಿಗೂ ಹಿತ.

ಇಷ್ಟು ನೋಡಿದರೆ ಎರಡರಲ್ಲಿ ಯಾವುದಾದರೂ ಸರಿ ಅನ್ನಿಸುತ್ತದೆ. ಕ್ರೌನ್ ಕೆಲಸ ಇನ್ನೂ ಸಲೀಸು. ಒಂದೇ ಜಾತಿಯ ಹೌಸಿಂಗ್ ಆಗಿದ್ದು, ಆಕ್ಸೆಲ್ ಶಾಫ್ಟಿನ ಹಲ್ಲೂ ಒಂದೇ ಆಗಿದ್ದರೆ ಡಿಫರೆನ್ಷಿಯಲ್ ಇಡೀ ಸೆಟ್ ಬಿಚ್ಚಿ ಇನ್ನೊಂದು ಕೂರಿಸಬಹುದು. ಗೇರ್ ಬಾಕ್ಸ್ ಮುಟ್ಟಬೇಕಾಗಿಲ್ಲ, ಶಾಫ್ಟ್ ಕತ್ತರಿಸಬೇಕಾಗಿಲ್ಲ. ನಿಮ್ಮ ಮೊದಲ ಮೇಸ್ತ್ರಿ ಅದಕ್ಕೇ ಹಾಗೆ ಹೇಳಿರುವುದು. ಬಯಲುಸೀಮೆಯ ಗಾಡಿಗೆ ನಾನೂ ಅದನ್ನೇ ಹೇಳುತ್ತಿದ್ದೆ.

ಆದರೆ ಕ್ರೌನ್ ಎಲ್ಲ ಗೇರುಗಳ ಹಿಂದೆ ಕೂತಿದೆ. ಅದನ್ನು 6.83ರಿಂದ 5.86ಕ್ಕೆ ಇಳಿಸಿದರೆ ಟಾಪ್ ಗೇರಿನಿಂದ ಫಸ್ಟ್, ರಿವರ್ಸ್ ವರೆಗೆ ಎಲ್ಲದರಲ್ಲೂ ನೂರಕ್ಕೆ 14ರಷ್ಟು ಎಳೆತ ಹೋಗುತ್ತದೆ. ಒಂದು ಉದಾಹರಣೆ ಹಾಕಿ ನೋಡಿ. ಆರ್‌ಸಿಯಲ್ಲಿ ನಿಮ್ಮ ಗಾಡಿಯ ಒಟ್ಟು ತೂಕ 16,200 ಕಿಲೋ ಇರುತ್ತದೆ. 12 ಅಡಿ ಮುಂದೆ ಹೋದರೆ 1 ಅಡಿ ಮೇಲೇರುವ ರಸ್ತೆ ಅಂದುಕೊಳ್ಳಿ. ಎಂಜಿನ್ನಿನ ಟಾರ್ಕ್ ಸುಮಾರು 400 ನ್ಯೂಟನ್ ಮೀಟರ್ ಅಂತ ಹಿಡಿಯಿರಿ. ಈ ಏರು ಹತ್ತಲು ಗೇರು ಮತ್ತು ಕ್ರೌನ್ ಗುಣಿಸಿದಾಗ ಕನಿಷ್ಠ 21ರಿಂದ 22 ಬರಬೇಕು. ಸೆಕೆಂಡ್ ಗೇರಿನ ಅನುಪಾತ 4ರ ಆಸುಪಾಸು ಇದ್ದರೆ, ಈಗಿನ ಕ್ರೌನಿಗೆ 27 ಬರುತ್ತದೆ. ಸೆಕೆಂಡಿನಲ್ಲಿ ಧಾರಾಳವಾಗಿ ಹತ್ತುತ್ತದೆ, ತಿರುವಿನಲ್ಲಿ ನಿಧಾನ ಮಾಡಿದರೂ ಮತ್ತೆ ಎತ್ತಿಕೊಳ್ಳುತ್ತದೆ. 5.86 ಕ್ರೌನಿಗೆ 23 ಮಾತ್ರ. ಹತ್ತುತ್ತದೆ ನಿಜ, ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಎದುರಿಗೆ ಬಸ್ಸು ಬಂತು, ತಿರುವಿನಲ್ಲಿ ನಿಲ್ಲಿಸಿದಿರಿ ಅಂದರೆ ಫಸ್ಟಿಗೇ ಹೋಗಬೇಕು. ಆ ಫಸ್ಟೂ ಮೊದಲಿನ ಫಸ್ಟ್ ಅಲ್ಲ. ಕ್ಲಚ್ ಜಾರಿಸಿ ಎತ್ತಬೇಕು. ಮಳೆಗಾಲದಲ್ಲಿ ಕುಂದಾಪುರದಿಂದ ಲೋಡು ತುಂಬಿಕೊಂಡು ಹುಲಿಕಲ್ ಹತ್ತುವವರಿಗೆ ಕ್ಲಚ್ ಪ್ಲೇಟಿನ ವಾಸನೆ ಬೇರೆ ಹೇಳಬೇಕಾಗಿಲ್ಲ ಅಲ್ವಾ?

ಹತ್ತುವುದಕ್ಕಿಂತ ನನಗೆ ಇಳಿಯುವುದರ ಚಿಂತೆ ಜಾಸ್ತಿ. 16,200 ಕಿಲೋ ತೂಕದ ಗಾಡಿ ಘಾಟಿಯಲ್ಲಿ 500 ಮೀಟರ್ ಕೆಳಗಿಳಿದರೆ ಸುಮಾರು 22 ಯೂನಿಟ್ ಕರೆಂಟಿನಷ್ಟು ಶಕ್ತಿ ಎಲ್ಲಾದರೂ ಹೋಗಬೇಕು. ಸ್ವಲ್ಪ ಗಾಳಿಗೆ, ಸ್ವಲ್ಪ ಟೈರಿಗೆ ಹೋಗುತ್ತದೆ. ಉಳಿದದ್ದನ್ನು ಎಂಜಿನ್ ತಡೆದರೆ ಸರಿ. ಇಲ್ಲದಿದ್ದರೆ ಅದೆಲ್ಲ ಬ್ರೇಕ್ ಡ್ರಮ್ಮಿನಲ್ಲಿ ಶಾಖ ಆಗುತ್ತದೆ. ಎಂಜಿನ್ ತಡೆಯುವುದೂ ಗೇರು ಮತ್ತು ಕ್ರೌನ್ ಮೂಲಕವೇ. ಕ್ರೌನ್ ಉದ್ದ ಮಾಡಿದರೆ ಅದೇ ಗೇರಿನಲ್ಲಿ ಅದೇ ವೇಗಕ್ಕೆ ಎಂಜಿನ್ ಕಡಿಮೆ ಸುತ್ತುತ್ತದೆ, ತಡೆಯುವ ಬಲವೂ ಕಡಿಮೆಯಾಗುತ್ತದೆ. ಹೊಗೆಯ ದಾರಿ ಮುಚ್ಚಿ ಎಂಜಿನ್ನನ್ನು ತಡೆಯುವ ಎಕ್ಸಾಸ್ಟ್ ಬ್ರೇಕ್ ಇದ್ದರೂ ಅಷ್ಟೇ, ಅದು ಕೆಲಸ ಮಾಡಲು ಆರ್‌ಪಿಎಂ ಬೇಕು. ಹಳೆ ಡ್ರೈವರುಗಳು ಹತ್ತಿದ ಗೇರಿನಲ್ಲೇ ಇಳಿಯಬೇಕು ಅಂತ ಹೇಳಿಕೊಡುತ್ತಿದ್ದರು. ಕ್ರೌನ್ ಬದಲಾದ ಗಾಡಿಯಲ್ಲಿ ಆ ಅಂದಾಜೇ ತಪ್ಪುತ್ತದೆ. ಕೈಗೆ ಅಭ್ಯಾಸವಾದ ಥರ್ಡ್ ಗೇರು ಈಗ ಬೇರೆ ಥರ್ಡ್ ಗೇರು. ಗಾಡಿ ಓಡಿಸುವವರು ನೀವೊಬ್ಬರೇ ಅಲ್ಲ, ಬದಲಿ ಡ್ರೈವರ್ ಬಂದಾಗ ಅವರಿಗೆ ಯಾರು ಹೇಳುತ್ತಾರೆ?

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಸ್ಪೀಡೋಮೀಟರಿಗೆ ಓಟದ ಲೆಕ್ಕ ಹೋಗುವುದು ಗೇರ್ ಬಾಕ್ಸಿನ ಹಿಂಭಾಗದಿಂದ. ಕ್ರೌನ್ ಬದಲಿಸಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ಮೀಟರ್ 60 ತೋರಿಸುವಾಗ ಗಾಡಿ ನಿಜವಾಗಿ 70ರಲ್ಲಿ ಇರುತ್ತದೆ. ಅದೇ ತಂತಿಯಿಂದ ಲೆಕ್ಕ ತೆಗೆದುಕೊಳ್ಳುವ ಸ್ಪೀಡ್ ಗವರ್ನರ್ 80ಕ್ಕೆ ಸೆಟ್ ಆಗಿದ್ದರೆ 93ರ ವರೆಗೂ ಬಿಡುತ್ತದೆ. ಮೀಟರ್ ಮತ್ತು ಗವರ್ನರ್ ಎರಡನ್ನೂ ಮತ್ತೆ ಕ್ಯಾಲಿಬ್ರೇಟ್ ಮಾಡಿಸದೆ ರಸ್ತೆಗೆ ಇಳಿಸುವ ಹಾಗಿಲ್ಲ.

ಹಾಗಾದರೆ ಗೇರ್ ಬಾಕ್ಸ್. ಇಲ್ಲಿ ನಿಧಾನಕ್ಕೆ ಓದಿ.

ಆರು ಗೇರಿನ ಬಾಕ್ಸುಗಳಲ್ಲಿ ಎರಡು ಜಾತಿ. ಒಂದರಲ್ಲಿ ಆರನೆಯದು ಡೈರೆಕ್ಟ್, ಅಂದರೆ 1.00. ನಿಮ್ಮ ಈಗಿನ ಐದನೆಯದೂ ಅದೇ. ಹೆಚ್ಚಾಗಿ ಬಂದ ಗೇರು ಕೆಳಗೆ ಸೇರಿರುತ್ತದೆ, ಫಸ್ಟ್ ಇನ್ನೂ ಜೋರಾಗಿರುತ್ತದೆ. ಇದನ್ನು ಕೂರಿಸಿದರೆ ಘಾಟಿಯಲ್ಲಿ ಖುಷಿ, ಹೆದ್ದಾರಿಯಲ್ಲಿ ಒಂದು ಕಿಲೋಮೀಟರ್ ವೇಗವೂ ಜಾಸ್ತಿ ಆಗುವುದಿಲ್ಲ. ಇನ್ನೊಂದರಲ್ಲಿ ಐದನೆಯದು ಡೈರೆಕ್ಟ್, ಆರನೆಯದು 0.8ರ ಆಸುಪಾಸು. ನಿಮಗೆ ಬೇಕಾದದ್ದು ಇದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ ಕಾಣಬಹುದು. ಒಂದೇ ಹೆಸರಿನ ಬಾಕ್ಸು ಬೇರೆ ಬೇರೆ ಹಲ್ಲಿನ ಲೆಕ್ಕದಲ್ಲಿ ಬಂದಿರುತ್ತದೆ. ಆದ್ದರಿಂದ ಗುಜರಿಯಲ್ಲಿ ಹೆಸರು ಕೇಳಿ ದುಡ್ಡು ಕೊಡಬೇಡಿ.

ಪರೀಕ್ಷೆ ಅಲ್ಲೇ ನೆಲದ ಮೇಲೆ ಮಾಡಬಹುದು. ಬಾಕ್ಸನ್ನು ಟಾಪ್ ಗೇರಿಗೆ ಹಾಕಿ. ಮುಂದಿನ ಇನ್‌ಪುಟ್ ಶಾಫ್ಟಿಗೂ ಹಿಂದಿನ ಫ್ಲ್ಯಾಂಜಿಗೂ ಸುಣ್ಣದಲ್ಲಿ ಗುರುತು ಹಾಕಿ. ಮುಂದಿನದನ್ನು ಸರಿಯಾಗಿ 10 ಸುತ್ತು ತಿರುಗಿಸಿ. ಹಿಂದಿನದು 10 ಸುತ್ತಿದರೆ ಡೈರೆಕ್ಟ್. 12, 12.5 ಸುತ್ತಿದರೆ ಓವರ್ ಡ್ರೈವ್. ಆಮೇಲೆ ಫಸ್ಟಿಗೆ ಹಾಕಿ, ಹಿಂದಿನದು ಒಂದು ಸುತ್ತು ಬರಲು ಮುಂದಿನದು ಎಷ್ಟು ಸುತ್ತಬೇಕು ನೋಡಿ. ಈ ಎರಡನೇ ಪರೀಕ್ಷೆಯನ್ನು ಬಿಡಬೇಡಿ. ಕೆಲವು ಓವರ್ ಡ್ರೈವ್ ಬಾಕ್ಸುಗಳಲ್ಲಿ ಟಾಪ್ ಉದ್ದವಾದ ಹಾಗೆ ಫಸ್ಟೂ ಉದ್ದ ಆಗಿರುತ್ತದೆ. ನಿಮ್ಮ ಈಗಿನ ಫಸ್ಟ್ 7 ಇದ್ದು, ತಂದದ್ದು 5.5 ಆಗಿದ್ದರೆ ಕ್ರೌನ್ ಬದಲಿಸಿದ್ದಕ್ಕಿಂತ ಕಷ್ಟ. ಫಸ್ಟಿನಲ್ಲಿ ಈಗಿನಷ್ಟೇ, ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ಮುಂದಿನ ಮಾತು.

ನಿಮ್ಮ ಕ್ರೌನಿನ ಲೆಕ್ಕವನ್ನೂ ಊಹೆಯಲ್ಲಿ ಬಿಡಬಾರದು. ಇಪ್ಪತ್ತು ವರ್ಷದ ಗಾಡಿಯಲ್ಲಿ ಹಿಂದಿನ ಮಾಲೀಕರು ಏನು ಬದಲಿಸಿದ್ದಾರೋ ಯಾರಿಗೆ ಗೊತ್ತು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮುಂದಿನ ಚಕ್ರಕ್ಕೆ ಹಿಂದೆ ಮುಂದೆ ಗಟ್ಟಿ ಕಟ್ಟೆ ಕೊಡಿ. ನ್ಯೂಟ್ರಲ್ ಮಾಡಿ. ಹಿಂದಿನ ಒಂದು ಬದಿ ಮಾತ್ರ ಜಾಕ್ ಎತ್ತಿ, ಕೆಳಗೆ ಸ್ಟ್ಯಾಂಡ್ ಇಡಿ, ಬರೀ ಜಾಕ್ ನಂಬಬೇಡಿ. ಪಾರ್ಕಿಂಗ್ ಬ್ರೇಕ್ ಬಿಟ್ಟಿರಬೇಕು, ಅದಕ್ಕೇ ಕಟ್ಟೆ ಮುಖ್ಯ. ಇನ್ನೊಂದು ಬದಿಯ ಚಕ್ರ ನೆಲದಲ್ಲೇ ಇರುವುದರಿಂದ, ಎತ್ತಿದ ಚಕ್ರವನ್ನು 2 ಸುತ್ತು ತಿರುಗಿಸಿದರೆ ಕ್ರೌನ್ 1 ಸುತ್ತು ಬರುತ್ತದೆ. ಆಗ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಿತು ಎಣಿಸಿ. ಆರೂ ಮುಕ್ಕಾಲು ಚಿಲ್ಲರೆ ಬಂದರೆ 6.83. ಆರಕ್ಕಿಂತ ಸ್ವಲ್ಪ ಕಡಿಮೆ ಬಂದರೆ ನಿಮ್ಮಲ್ಲಿ ಆಗಲೇ 5.86 ಇದೆ. ಹಾಗಿದ್ದರೆ ಇಡೀ ಪ್ರಶ್ನೆಯೇ ಬೇರೆ, ಬೇರೇನೋ ತೊಂದರೆ ಇದೆ ಅಂತ ಅರ್ಥ.

ಸರಿಯಾದ ಬಾಕ್ಸ್ ಸಿಕ್ಕಿತು ಅನ್ನಿ. ಕೂರಿಸುವುದು ಬೋಲ್ಟು ಬಿಚ್ಚಿ ಬೋಲ್ಟು ಹಾಕುವ ಕೆಲಸವಲ್ಲ. ಬೆಲ್ ಹೌಸಿಂಗ್ ನಿಮ್ಮ ಎಂಜಿನ್ನಿಗೆ ಕೂರುತ್ತದಾ? ಇನ್‌ಪುಟ್ ಶಾಫ್ಟಿನ ಹಲ್ಲು ನಿಮ್ಮ ಕ್ಲಚ್ ಪ್ಲೇಟಿಗೆ ಹೊಂದುತ್ತದಾ? ಹೊಂದದಿದ್ದರೆ ಆ ಬಾಕ್ಸಿನ ಪ್ಲೇಟು ತರಬೇಕು. ಆ ಪ್ಲೇಟಿನ ಅಗಲ ನಿಮ್ಮ ಪ್ರೆಷರ್ ಪ್ಲೇಟಿಗೆ, ಫ್ಲೈವೀಲಿಗೆ ಸರಿಹೋಗಬೇಕು. ಶಾಫ್ಟಿನ ತುದಿ ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗಿನಲ್ಲಿ ಸರಿಯಾದ ಆಳಕ್ಕೆ ಕೂರಬೇಕು. ಆಳ ಕಡಿಮೆಯಾದರೆ ಶಾಫ್ಟ್ ಕುಣಿಯುತ್ತದೆ. ಜಾಸ್ತಿಯಾದರೆ ಕೊನೆಯ ಬೋಲ್ಟ್ ಬಿಗಿಯುವಾಗ ಎಲ್ಲ ಒತ್ತಿಕೊಂಡು ಮುಂದಿನ ಬೇರಿಂಗ್ ಹೋಗುತ್ತದೆ. ಅಳೆಯಲು ಐದು ನಿಮಿಷ ಸಾಕು. ಅಳೆಯದಿದ್ದರೆ ಬಾಕ್ಸ್ ಮತ್ತೆ ಇಳಿಸಬೇಕಾಗುತ್ತದೆ.

ಆರು ಗೇರಿನ ಬಾಕ್ಸು ಸಾಮಾನ್ಯವಾಗಿ ಉದ್ದ. ಆಗ ಹಿಂದಿನ ಕ್ರಾಸ್ ಮೆಂಬರ್ ಸರಿಸಬೇಕು, ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಅಷ್ಟೇ ಗಿಡ್ಡ ಮಾಡಬೇಕು. ಇದನ್ನು ಲೇತ್ ಮತ್ತು ಬ್ಯಾಲೆನ್ಸಿಂಗ್ ಮಷೀನ್ ಎರಡೂ ಇರುವ ಕಡೆ ಮಾಡಿಸಿ. ಶಿವಮೊಗ್ಗದಲ್ಲಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ವಿಚಾರಿಸಿ. ಬ್ಯಾಲೆನ್ಸಿಂಗ್ ಅಲ್ಲಿ ಆಗದಿದ್ದರೆ ಹುಬ್ಬಳ್ಳಿಗೋ ಬೆಂಗಳೂರಿಗೋ ಲೋಡು ಹೋದಾಗ ಮಾಡಿಸಿಕೊಂಡು ಬನ್ನಿ. ಶಾಫ್ಟ್ ಕತ್ತರಿಸಿ, ಕಣ್ಣಂದಾಜಿನಲ್ಲಿ ವೆಲ್ಡ್ ಮಾಡಿ ಕೊಡುವವರ ಕೈಗೆ ಮಾತ್ರ ಕೊಡಬೇಡಿ. 6.83 ಕ್ರೌನ್ ಉಳಿಸಿಕೊಂಡರೆ ವೇಗ ಹೆಚ್ಚಾದ ಹಾಗೆ ಶಾಫ್ಟ್ ಜೋರಾಗಿ ಸುತ್ತುತ್ತದೆ. 70ರಲ್ಲಿ ಶಾಫ್ಟ್ ನಿಮಿಷಕ್ಕೆ 2500 ಸುತ್ತು ಹಾಕುತ್ತಿರುತ್ತದೆ. ಇಷ್ಟು ದಿನ ಎಂಜಿನ್ನಿನ ಗವರ್ನರ್ ಅದನ್ನು ಅಲ್ಲಿಗೇ ತಡೆಯುತ್ತಿತ್ತು. ಓವರ್ ಡ್ರೈವ್ ಬಂದ ಮೇಲೆ ಎಂಜಿನ್ 2000ದಲ್ಲಿ ತಣ್ಣಗೆ ಇದ್ದರೂ ಶಾಫ್ಟ್ ಮಾತ್ರ ಅದನ್ನು ದಾಟಬಹುದು. ಶಾಫ್ಟಿನ ಕೀಲಿನಲ್ಲಿ ಸವೆದ ಕ್ರಾಸು, ಸಡಿಲವಾದ ಸೆಂಟರ್ ಬೇರಿಂಗ್ ಇದ್ದರೆ ಆಗ ಗೊತ್ತಾಗುತ್ತದೆ. ಬಾಕ್ಸ್ ಇಳಿಸಿದಾಗಲೇ ಅವೆರಡನ್ನೂ ಹೊಸದು ಹಾಕಿ.

ಕ್ಲಚ್ ಲಿಂಕೇಜು, ಗೇರ್ ಲಿವರ್, ರಿವರ್ಸ್ ಲೈಟಿನ ಸ್ವಿಚ್, ಸ್ಪೀಡೋ ಕೇಬಲ್, ಇವೆಲ್ಲ ಸಣ್ಣ ತಲೆನೋವು. ಆಗುತ್ತದೆ. ಎಣ್ಣೆ ಮಾತ್ರ ನೋಡಿಕೊಳ್ಳಿ. ಕ್ರೌನಿಗೆ ಹಾಕುವ ಜಿಎಲ್-5 ದರ್ಜೆಯ ಎಣ್ಣೆಯನ್ನೇ ಗೇರ್ ಬಾಕ್ಸಿಗೂ ಸುರಿಯುವ ಅಭ್ಯಾಸ ನಮ್ಮಲ್ಲಿ ಇದೆ. ಹಿತ್ತಾಳೆ ಸಿಂಕ್ರೊ ರಿಂಗ್ ಇರುವ ಬಾಕ್ಸಿಗೆ ಅದು ಒಗ್ಗದೇ ಹೋಗಬಹುದು. ಆ ಬಾಕ್ಸಿನ ಪುಸ್ತಕ ಏನು ಹೇಳುತ್ತದೋ ಅದನ್ನೇ ಹಾಕಿ.

ಈಗ 80ರ ಮಾತು. ಗೇರು ಉದ್ದ ಮಾಡಿದರೆ ಗಾಡಿಗೆ ಶಕ್ತಿ ಬರುವುದಿಲ್ಲ, ಸುತ್ತು ಮಾತ್ರ ಕಡಿಮೆಯಾಗುತ್ತದೆ. 1613 ಅನ್ನುವ ಹೆಸರಿನಲ್ಲೇ ಲೆಕ್ಕ ಇದೆ, 16 ಟನ್ನು, ಸುಮಾರು 130 ಎಚ್‌ಪಿ. ಸಮತಟ್ಟು ರಸ್ತೆಯಲ್ಲಿ ಪೂರ್ತಿ ಲೋಡಿಗೆ 60ರಲ್ಲಿ ಓಡಲು ನನ್ನ ಲೆಕ್ಕದಲ್ಲಿ ಸುಮಾರು 60 ಎಚ್‌ಪಿ ಬೇಕು. 80ಕ್ಕೆ ಸುಮಾರು 110. ವೇಗ ಮೂರರಲ್ಲಿ ಒಂದು ಪಾಲು ಹೆಚ್ಚಾದರೆ ಗಾಳಿಯ ತಡೆ ಒಂದೂ ಮುಕ್ಕಾಲು ಪಟ್ಟು ಆಗುತ್ತದೆ. ಟಾರ್ಪಾಲು ಎತ್ತರಕ್ಕೆ ಕಟ್ಟಿದ ಶುಂಠಿ ಲೋಡಿಗೆ ಇನ್ನೂ ಜಾಸ್ತಿ. ಇಪ್ಪತ್ತು ವರ್ಷ ಓಡಿದ ಎಂಜಿನ್ನಿನಿಂದ 110 ಎಚ್‌ಪಿಯನ್ನು ಗಂಟೆಗಟ್ಟಲೆ ತೆಗೆಯುವುದು ಅಂದರೆ ರೇಡಿಯೇಟರಿಗೆ, ಟರ್ಬೊಗೆ, ಹೆಡ್ ಗ್ಯಾಸ್ಕೆಟ್ಟಿಗೆ ಪರೀಕ್ಷೆ ಇಟ್ಟ ಹಾಗೆ.

ಡೀಸೆಲ್ ಲೆಕ್ಕವೂ ಉಲ್ಟಾ ಹೊಡೆಯುತ್ತದೆ. 60ರ ಬದಲು 80ರಲ್ಲಿ ಹೋದರೆ ಪ್ರತಿ ಕಿಲೋಮೀಟರಿಗೆ ಬೇಕಾಗುವ ಎಳೆತ ನೂರಕ್ಕೆ 30ರಷ್ಟು ಜಾಸ್ತಿ. ಓವರ್ ಡ್ರೈವಿನಿಂದ ಉಳಿದದ್ದನ್ನೆಲ್ಲ ಗಾಳಿಯೇ ತಿಂದು, ಮೇಲೆ ಇನ್ನಷ್ಟು ಕೇಳುತ್ತದೆ. ಡೀಸೆಲ್ ಉಳಿಯಬೇಕು ಅಂದರೆ ಓವರ್ ಡ್ರೈವ್ ಹಾಕಿದ ಮೇಲೂ 60-65ರಲ್ಲೇ ಓಡಿಸಬೇಕು. ಈ ಮಾತು ಯಾರಿಗೂ ಇಷ್ಟ ಆಗುವುದಿಲ್ಲ, ಗೊತ್ತು.

ಓವರ್ ಡ್ರೈವ್ ಎಲ್ಲಿ ಕೆಲಸಕ್ಕೆ ಬರುತ್ತದೆ ಅನ್ನುವುದನ್ನೂ ನೋಡಿ. ಪೂರ್ತಿ ಲೋಡಿನಲ್ಲಿ 65ರಲ್ಲಿ ಹೋಗುವಾಗ ನಿಮ್ಮ ಎಂಜಿನ್ನಿಗೆ ಓವರ್ ಡ್ರೈವಿನಲ್ಲಿ ಉಳಿಯುವ ಹೆಚ್ಚಿನ ಎಳೆತ ಬಹಳ ಕಡಿಮೆ. ಸುಮಾರು 130 ಅಡಿಗೆ 1 ಅಡಿ ಏರಿದರೂ ವೇಗ ಬೀಳತೊಡಗುತ್ತದೆ. ಅದು ಕಣ್ಣಿಗೆ ಏರು ಅಂತಲೇ ಕಾಣುವುದಿಲ್ಲ. ಡೈರೆಕ್ಟ್ ಗೇರಿನಲ್ಲಿ 75 ಅಡಿಗೆ 1 ಅಡಿಯ ವರೆಗೆ ತಡೆದುಕೊಳ್ಳುತ್ತದೆ. ಅಂದರೆ ಸಾಗರದಿಂದ ಆನಂದಪುರ, ಕುಂಸಿ ಮೇಲೆ ಶಿವಮೊಗ್ಗಕ್ಕೆ ಬರುವ ಏರಿಳಿತದ ರಸ್ತೆಯಲ್ಲಿ ನೀವು ಆರನೇ ಗೇರನ್ನು ಹೆಚ್ಚು ಮುಟ್ಟುವುದೇ ಇಲ್ಲ. ತರೀಕೆರೆ, ಕಡೂರು ದಾಟಿದ ಮೇಲೆ ಸಿಗುವ ಬಯಲಿನಲ್ಲಿ, ಹರಿಹರದ ಹತ್ತಿರ ಪುಣೆ ಹೆದ್ದಾರಿ ಹತ್ತಿದ ಮೇಲೆ ಅದರ ಉಪಯೋಗ. ಖಾಲಿ ಬರುವಾಗ ಮಾತ್ರ ಎಲ್ಲ ಕಡೆಯೂ ಹಿತವಾಗಿರುತ್ತದೆ.

ಕಾನೂನಿನ ಕಡೆಯಿಂದಲೂ ಅಷ್ಟೇ. 2018ರ ಕೇಂದ್ರದ ಅಧಿಸೂಚನೆಯ ಪ್ರಕಾರ ಸರಕು ವಾಹನಕ್ಕೆ ನಡುವೆ ವಿಭಜಕ ಇರುವ ನಾಲ್ಕು ಪಥದ ರಸ್ತೆಯಲ್ಲಿ ಗರಿಷ್ಠ 80, ಉಳಿದ ರಸ್ತೆಯಲ್ಲಿ 60. ನಿಮ್ಮ ಓಟದಲ್ಲಿ 60 ಮೀರಬಹುದಾದ ರಸ್ತೆ ಎಷ್ಟು ಭಾಗ ಅಂತ ನೀವೇ ಎಣಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆ ಆಗುವಂಥ ಬದಲಾವಣೆಗೆ ತಡೆ ಹಾಕುತ್ತದೆ. ಗೇರಿನ ಅನುಪಾತ ಆರ್‌ಸಿಯಲ್ಲಿ ಇರುವುದಿಲ್ಲ. ಆದರೂ ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಮಾಡಿಸಲೇಬೇಕಲ್ಲ, ಕೆಲಸಕ್ಕೆ ಮುಂಚೆ ಆರ್‌ಟಿಓದಲ್ಲೂ ಇನ್ಶೂರೆನ್ಸ್‌ನವರಲ್ಲೂ ಒಂದು ಮಾತು ಕೇಳಿಕೊಂಡರೆ ಒಳ್ಳೆಯದು. ಬಾಕ್ಸಿನ ಬಿಲ್ಲು ಇಟ್ಟುಕೊಳ್ಳಿ.

ದೊಡ್ಡ ಟೈರು ಹಾಕಿ ವೇಗ ಪಡೆಯೋಣ ಅನ್ನುವವರೂ ಇದ್ದಾರೆ. ನಿಮ್ಮದು ಆಗಲೇ 10.00-20, ಅದಕ್ಕಿಂತ ಮೇಲೆ ಹೋಗಬೇಡಿ. ಸಾರಿಗೆ ವಾಹನದ ಆರ್‌ಸಿಯಲ್ಲಿ ಟೈರಿನ ಸೈಜೂ ದಾಖಲಾಗಿರುತ್ತದೆ. ಅದರ ಬದಲು ನೈಲಾನ್ ಇದ್ದರೆ ಅದೇ ಸೈಜಿನ ರೇಡಿಯಲ್ ಹಾಕಿ. ಉರುಳುವ ತಡೆ ಕಡಿಮೆ, ವೇಗದಲ್ಲಿ ಬಿಸಿಯಾಗುವುದೂ ಕಡಿಮೆ. ರಿಟ್ರೆಡ್ ಮಾಡಿದ ನೈಲಾನ್ ಟೈರಿನಲ್ಲಿ ಬೇಸಿಗೆಯ ಮಧ್ಯಾಹ್ನ ಲೋಡು ಇಟ್ಟುಕೊಂಡು ಜೋರಾಗಿ ಓಡಿಸುವ ಯೋಚನೆ ಇದ್ದರೆ ಗೇರ್ ಬಾಕ್ಸಿನ ದುಡ್ಡನ್ನು ಮೊದಲು ಟೈರಿಗೆ ಹಾಕಿ. ಬ್ರೇಕೂ ಹಾಗೆಯೇ. 60ರ ಬದಲು 80ರಲ್ಲಿ ನಿಲ್ಲಿಸುವಾಗ ಡ್ರಮ್ಮು ನುಂಗಬೇಕಾದ ಶಕ್ತಿ ಒಂದೂ ಮುಕ್ಕಾಲು ಪಟ್ಟು. ನಿಮ್ಮ ಗಾಡಿಯ ಕಾಲದ ಲಾರಿಗಳಲ್ಲಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಸಾಮಾನ್ಯವಾಗಿ ಇರಲಿಲ್ಲ.

ಒಂದು ನಡುದಾರಿ ಇದೆ, ಅದನ್ನು ಯಾರೂ ನಿಮಗೆ ಹೇಳಿಲ್ಲ ಅನ್ನಿಸುತ್ತದೆ. ಡೈರೆಕ್ಟ್ ಟಾಪ್ ಇರುವ ಆರು ಗೇರಿನ ಬಾಕ್ಸು, ಜೊತೆಗೆ 5.86 ಕ್ರೌನ್, ಎರಡನ್ನೂ ಸೇರಿಸುವುದು. ಆ ಬಾಕ್ಸಿನ ಫಸ್ಟ್ 8ರ ಆಸುಪಾಸು ಇದ್ದರೆ 8 ಗುಣಿಸು 5.86, ಅಂದರೆ 47. ಈಗಿನ ನಿಮ್ಮ ಫಸ್ಟ್ 7 ಗುಣಿಸು 6.83, ಅದು 48. ಹೆಚ್ಚು ಕಡಿಮೆ ಒಂದೇ. ಘಾಟಿಯ ಬಲ ಉಳಿಯಿತು, ಟಾಪ್ ಉದ್ದ ಆಯಿತು. ಡೈರೆಕ್ಟಿನಲ್ಲಿ ಓಡುವಾಗ ಬಲ ಬಾಕ್ಸಿನ ಹಲ್ಲುಗಳ ಮೂಲಕ ಹಾಯುವುದಿಲ್ಲ, ನೇರ ಹೋಗುತ್ತದೆ. ಬಾಕ್ಸ್ ತಣ್ಣಗಿರುತ್ತದೆ, ನಷ್ಟ ಕಡಿಮೆ. ಪ್ರೊಪೆಲ್ಲರ್ ಶಾಫ್ಟೂ ನಿಧಾನ ಸುತ್ತುತ್ತದೆ. ತಾಂತ್ರಿಕವಾಗಿ ನನಗೆ ಇದೇ ಇಷ್ಟ. ಖರ್ಚು ಮಾತ್ರ ಎರಡು ಕೆಲಸದ್ದು. ಸ್ಪೀಡೋಮೀಟರಿನ ತೊಂದರೆಯೂ ಜೊತೆಗೆ ಬರುತ್ತದೆ. ನಿಮ್ಮ ಎರಡನೇ ಮೇಸ್ತ್ರಿ ತರುವ ಬಾಕ್ಸ್ ಪರೀಕ್ಷೆಯಲ್ಲಿ ಡೈರೆಕ್ಟ್ ಅಂತ ಬಂದರೆ, ಇಬ್ಬರ ಮಾತನ್ನೂ ಒಟ್ಟಿಗೆ ನಡೆಸಿದ ಹಾಗಾಗುತ್ತದೆ.

ಕ್ರೌನ್ ಮುಟ್ಟುವುದಾದರೆ ಒಂದು ಎಚ್ಚರಿಕೆ. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ತಯಾರಾಗುತ್ತವೆ, ಎರಡರ ಮೇಲೂ ಒಂದೇ ನಂಬರ್ ಹೊಡೆದಿರುತ್ತದೆ. ಒಂದರ ಕ್ರೌನು, ಇನ್ನೊಂದರ ಪಿನಿಯನ್ನು ಸೇರಿಸಿ ಕೊಟ್ಟರೆ ಎಷ್ಟು ಸೆಟ್ ಮಾಡಿದರೂ ಕೂಗುತ್ತದೆ. ಹಲ್ಲಿಗೆ ಬಣ್ಣ ಹಚ್ಚಿ ಗುರುತು ಎಲ್ಲಿ ಬೀಳುತ್ತದೆ ನೋಡುವಾಗ ನೀವೂ ಪಕ್ಕದಲ್ಲಿ ನಿಂತಿರಿ.

ದುಡ್ಡಿನ ಪ್ರಶ್ನೆಗೆ ಒಂದು ಅಂದಾಜು ಹೀಗೆ ಹಾಕಬಹುದು. ಗಾಡಿ ತಿಂಗಳಿಗೆ 4000 ಕಿ.ಮೀ. ಓಡುತ್ತದೆ, ಲೀಟರಿಗೆ 4 ಕೊಡುತ್ತದೆ ಅಂದುಕೊಳ್ಳಿ. 1000 ಲೀಟರ್ ಆಯಿತು. ಅರ್ಧ ಓಟ ಹೆದ್ದಾರಿಯಲ್ಲಿ ಅಂದರೆ 500 ಲೀಟರ್. ಅದರಲ್ಲಿ ನೂರಕ್ಕೆ 5 ಉಳಿಯಿತು ಅಂತ ಧಾರಾಳವಾಗಿ ಹಿಡಿದರೂ ತಿಂಗಳಿಗೆ 25 ಲೀಟರ್. ಬಾಕ್ಸು, ಕ್ಲಚ್ಚು, ಶಾಫ್ಟು, ಕೂಲಿ, ಗಾಡಿ ನಿಂತ ದಿನಗಳ ಬಾಡಿಗೆ, ಎಲ್ಲ ಕೂಡಿಸಿ ಆ 25 ಲೀಟರಿನ ಬೆಲೆಯಿಂದ ಭಾಗಿಸಿ. ಬರುವ ತಿಂಗಳುಗಳಷ್ಟು ಕಾಲ ಈ ಗಾಡಿಯನ್ನು ಇಟ್ಟುಕೊಳ್ಳುವ ಮನಸ್ಸಿದೆಯಾ? ಇಲ್ಲದಿದ್ದರೆ ಬಿಡಿ. ಈಗಿನ ಬಾಕ್ಸ್ ಹೇಗೂ ಸದ್ದು ಮಾಡುತ್ತಿದೆ, ಗೇರು ಜಾರುತ್ತಿದೆ, ಇಳಿಸಲೇಬೇಕು ಅನ್ನುವ ಕಾಲ ಬಂದಾಗ ಬದಲಿಸುವುದು ಬುದ್ಧಿವಂತಿಕೆ. ಆಗ ಕೂಲಿ ಹೇಗೂ ಕೊಡುವುದೇ, ಕ್ಲಚ್ಚೂ ಹೇಗೂ ಬದಲಾಗುವುದೇ.

ಅಲ್ಲಿಯವರೆಗೆ ಸುಮ್ನೆ ಕೂರಬೇಕಾಗಿಲ್ಲ. ಏರ್ ಫಿಲ್ಟರ್, ಟರ್ಬೊದಿಂದ ಎಂಜಿನ್ನಿಗೆ ಹೋಗುವ ಪೈಪಿನ ಸೋರಿಕೆ, ಫ್ಯುಯಲ್ ಪಂಪಿನ ಕ್ಯಾಲಿಬ್ರೇಷನ್, ಉಜ್ಜುತ್ತಿರುವ ಬ್ರೇಕ್, ಇವನ್ನು ನೋಡಿಸಿ. 20 ಕಿ.ಮೀ. ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಬಿಸಿ ಇದ್ದರೆ ಅಲ್ಲಿ ನಿಮ್ಮ ಡೀಸೆಲ್ ಹೋಗುತ್ತಿದೆ.

ಗೇರ್ ಬಾಕ್ಸ್ ಬದಲಿಸಿದ ಮೇಲೆ ಮೊದಲ ಓಟ ಖಾಲಿ ಗಾಡಿಯಲ್ಲಿ ಇರಲಿ. ಆಮೇಲೆ ಅರ್ಧ ಲೋಡು. ಶಾಫ್ಟಿನ ಫ್ಲ್ಯಾಂಜ್ ಬೋಲ್ಟುಗಳನ್ನು ಮೊದಲ ದಿನವೇ ಮತ್ತೊಮ್ಮೆ ಬಿಗಿ ಮಾಡಿ. ಸಾವಿರ ಕಿಲೋಮೀಟರ್ ಆದ ಮೇಲೆ ಎಣ್ಣೆ ಇಳಿಸಿ, ಡ್ರೈನ್ ಪ್ಲಗ್ಗಿನ ತುದಿಗೆ ಲೋಹದ ಚೂರು ಅಂಟಿದೆಯಾ ನೋಡಿ. ಸಣ್ಣ ಪುಡಿ ಇದ್ದರೆ ತೊಂದರೆ ಇಲ್ಲ. ಚೂರು ಸಿಕ್ಕರೆ ಮುಂದೆ ಓಡಿಸಬೇಡಿ. ಹುಲಿಕಲ್ ಇಳಿಯುವ ಮುಂಚೆ ಹೊಸ ಗೇರುಗಳು ಕೈಗೆ ಚೆನ್ನಾಗಿ ಕೂತಿರಬೇಕು. ಓವರ್ ಡ್ರೈವಿನಲ್ಲಿ ಘಾಟಿಗೆ ಇಳಿಯುವ ಮಾತೇ ಇಲ್ಲ. ಮೇಲೆ ಸಮತಟ್ಟು ಇರುವಾಗಲೇ ಕೆಳಗಿನ ಗೇರಿಗೆ ಬಂದಿರಬೇಕು.

ಕ್ರೌನಿನ ಸುತ್ತು ಎಣಿಸಿದ ಲೆಕ್ಕ, ಸಿಕ್ಕಿದ ಬಾಕ್ಸಿನ ಟಾಪ್ ಮತ್ತು ಫಸ್ಟಿನ ಸುತ್ತು, ಬಾಕ್ಸಿನ ತಟ್ಟೆಯ ಮೇಲಿನ ಬರಹ, ಇಷ್ಟನ್ನು ಬರೆದು ಕಳಿಸಿ. ನಿಮ್ಮ ಗಾಡಿಗೇ ಲೆಕ್ಕ ಹಾಕಿ, ಕೂರಿಸಬಹುದೋ ಬೇಡವೋ ಹೇಳುತ್ತೇನೆ. ಅಲ್ಲಿಯವರೆಗೆ ಗುಜರಿಯವರಿಗೆ ಮುಂಗಡ ಕೊಡಬೇಡಿ.